ಎಚ್ಚರಿಕೆಗಿಂತ ಮೊದಲೇ ಬಂದ ಅಲೆ: ಪಾಲು ನಗರದ ಸುನಾಮಿ ಏನು ಕಲಿಸುತ್ತದೆ?

2025ರ ಜುಲೈ 30ರಂದು ರಷ್ಯಾದ ಕಮ್ಚಾಟ್ಕಾ ಕರಾವಳಿಯ ಆಚೆ, ಸಮುದ್ರದಡಿಯಲ್ಲಿ 8.8 ತೀವ್ರತೆಯ ಭೂಕಂಪ ಆಯಿತು. ಯಂತ್ರಗಳಿಂದ ಅಳೆಯಲು ಶುರುಮಾಡಿದ ಮೇಲೆ ಆದ ಹತ್ತು ದೊಡ್ಡ ಭೂಕಂಪಗಳಲ್ಲಿ ಅದೂ ಒಂದು. ಜಪಾನಿನಲ್ಲಿ ಸುಮಾರು 20 ಲಕ್ಷ ಜನರಿಗೆ ಎತ್ತರದ ಜಾಗಕ್ಕೆ ಹೋಗಿ ಎಂದು ಹೇಳಿದರು. ಹವಾಯಿಯಲ್ಲಿ ಸೈರನ್ ಕೂಗಿತು. ಕೊನೆಗೆ ಈ ಎರಡೂ ಕಡೆ ಬಂದ ಅಲೆ ಎರಡು ಮೀಟರ್ ಕೂಡ ಮುಟ್ಟಲಿಲ್ಲ. ‘ಇಷ್ಟಕ್ಕೆ ಅಷ್ಟು ಗಲಾಟೆನಾ’ ಅನ್ನುವ ಮಾತು ನಮ್ಮ ಕಡೆಯೂ ಕೇಳಿಬಂತು.

ಅದಕ್ಕೆ ಏಳು ವರ್ಷ ಹಿಂದೆ, 2018ರ ಸೆಪ್ಟೆಂಬರ್ 28ರಂದು, ಇಂಡೊನೇಷ್ಯಾದ ಸುಲಾವೆಸಿ ದ್ವೀಪದಲ್ಲಿ ಪಾಲು ಎಂಬ ನಗರದ ಉತ್ತರಕ್ಕೆ 7.5 ತೀವ್ರತೆಯ ಭೂಕಂಪ ಆಗಿತ್ತು. ಶಕ್ತಿಯ ಲೆಕ್ಕದಲ್ಲಿ ಕಮ್ಚಾಟ್ಕಾದ ಭೂಕಂಪ ಇದಕ್ಕಿಂತ ಸುಮಾರು 90 ಪಟ್ಟು ದೊಡ್ಡದು. ಆದರೆ ಪಾಲು ಸುತ್ತಮುತ್ತ ಜೀವ ಕಳೆದುಕೊಂಡವರು ಮತ್ತು ಕಾಣೆಯಾದವರು 4,300ಕ್ಕೂ ಹೆಚ್ಚು.

ಭೂಕಂಪದ ಸುದ್ದಿ ಬಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ ‘ತೀವ್ರತೆ ಎಷ್ಟು?’ ಅಂತ. ಟಿವಿಯಲ್ಲೂ ಅದೇ ಅಂಕಿ ದಪ್ಪ ಅಕ್ಷರದಲ್ಲಿ ಓಡುತ್ತಾ ಇರುತ್ತದೆ. ಕಡಲಂಚಿನಲ್ಲಿ ಮನೆ ಮಾಡಿಕೊಂಡವರಿಗೆ ಆ ಅಂಕಿಯಿಂದ ಆಗಬೇಕಾದ್ದು ಕಡಿಮೆ. ಅವರಿಗೆ ಬೇಕಾದ್ದು ಬೇರೆ ಲೆಕ್ಕ. ನೆಲ ನಡುಗಿ ಎಷ್ಟು ಹೊತ್ತಿಗೆ ನೀರು ಬರುತ್ತದೆ? ಅಷ್ಟರೊಳಗೆ ಓಡಿ ಮುಟ್ಟುವಂಥ ಎತ್ತರದ ಜಾಗ ಇದೆಯಾ? ಯಾರೂ ಹೇಳದಿದ್ದರೂ ಓಡಬೇಕು ಅಂತ ಅವರಿಗೆ ಗೊತ್ತಾ? ಪಾಲುವಿನಲ್ಲಿ ಯಂತ್ರಗಳು ಕೈಕೊಟ್ಟವು ಎಂದು ಆಗ ಜಗತ್ತೆಲ್ಲ ಮಾತಾಡಿತು. ಅದು ನಿಜವೇ. ಆದರೆ ಎಲ್ಲ ಯಂತ್ರಗಳೂ ಸರಿಯಾಗಿ ಕೆಲಸ ಮಾಡಿದ್ದರೂ ಅಲ್ಲಿನ ಬಹಳಷ್ಟು ಜನರನ್ನು ಅವು ಉಳಿಸುತ್ತಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನಿಜ. ಈ ಲೇಖನ ಅದರ ಬಗ್ಗೆ.

ಪಾಲು ಇರುವುದು ಒಂದು ಉದ್ದನೆಯ, ಕಿರಿದಾದ ಕೊಲ್ಲಿಯ ಒಳತುದಿಯಲ್ಲಿ. ಕೊಲ್ಲಿ ಸುಮಾರು 30 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಆಳ ಮಾತ್ರ ನಡುವೆ 700 ಮೀಟರ್‌ ಆಸುಪಾಸು. ಎರಡೂ ಬದಿಗೆ ಬೆಟ್ಟದ ಸಾಲು, ಮಧ್ಯದ ಬಯಲಲ್ಲಿ ನದಿ, ನದಿ ಕಡಲು ಸೇರುವಲ್ಲಿ ಊರು. ನೋಡಲು ತುಂಬಾ ಚೆಂದದ ಜಾಗ. ಈ ಕಣಿವೆ ಉಂಟಾಗಿದ್ದೇ ಪಾಲು-ಕೊರೊ ಎಂಬ ಫಾಲ್ಟ್‌ನಿಂದ, ಅಂದರೆ ನೆಲದಡಿಯ ದೊಡ್ಡ ಬಿರುಕಿನಿಂದ. ಬಿರುಕಿನ ಎರಡು ಬದಿಯ ನೆಲ ವರ್ಷಕ್ಕೆ ಸುಮಾರು 4 ಸೆಂ.ಮೀ.ನಂತೆ ಒಂದು ಈಚೆಗೆ ಒಂದು ಆಚೆಗೆ ಸರಿಯಬೇಕು. ಸರಿಯಲಾಗದೆ ಕಚ್ಚಿಕೊಂಡು ಕೂತಷ್ಟು ವರ್ಷವೂ ಒತ್ತಡ ಕೂಡುತ್ತಾ ಹೋಗುತ್ತದೆ. ಇದೇ ಕೊಲ್ಲಿಯಲ್ಲಿ 1927ರಲ್ಲೂ ಸುನಾಮಿ ಬಂದಿತ್ತು. 1968ರಲ್ಲಿ ಪಕ್ಕದ ಡೊಂಗಾಲಾ ಕರಾವಳಿಗೆ ಬಡಿದಿತ್ತು. ಅಂದರೆ ಇದು ಯಾರೂ ಊಹಿಸದ ಜಾಗವೇನಲ್ಲ.

ಆ ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ 6.1ರ ಒಂದು ಭೂಕಂಪ ಆಯಿತು. ಕೆಲವು ಮನೆ ಬಿದ್ದವು. ಅದಾದ ಮೇಲೂ ಊರಿನ ದಿನಚರಿ ನಡೆಯಿತು. ತಾಲಿಸೆ ಬೀಚಿನಲ್ಲಿ ಅಂದು ಸಂಜೆ ನಗರದ ಹುಟ್ಟುಹಬ್ಬದ ಉತ್ಸವ ಶುರುವಾಗುವುದಿತ್ತು. ಪೆಂಡಾಲು, ವೇದಿಕೆ, ತಿಂಡಿ ಅಂಗಡಿ, ಕುಣಿಯಲು ಬಂದ ತಂಡಗಳು, ಮಕ್ಕಳನ್ನು ಕರೆದುಕೊಂಡು ಬಂದ ಮನೆಯವರು. ಎಲ್ಲರೂ ನೀರಿನ ಅಂಚಿನಲ್ಲೇ ಇದ್ದರು. ಸಂಜೆ 6:02ಕ್ಕೆ, ಸೂರ್ಯ ಮುಳುಗಿ ಸಂಜೆಯ ನಮಾಜಿನ ಹೊತ್ತಿಗೆ, ದೊಡ್ಡ ಭೂಕಂಪ ಆಯಿತು.

ಬಿರುಕು ಬಿಟ್ಟುಕೊಂಡ ವೇಗ ಸೆಕೆಂಡಿಗೆ ನಾಲ್ಕು ಕಿ.ಮೀ.ಗೂ ಜಾಸ್ತಿ ಎಂದು ವಿಜ್ಞಾನಿಗಳು ಆಮೇಲೆ ಲೆಕ್ಕಹಾಕಿದರು. ಸುಮಾರು 150 ಕಿ.ಮೀ. ಉದ್ದದ ನೆಲ ಒಂದು ನಿಮಿಷದೊಳಗೆ ಹರಿದುಕೊಂಡಿತ್ತು. ಇಷ್ಟು ವೇಗ ಅಪರೂಪ. ಹೀಗಾದಾಗ ನಡುಕದ ಅಲೆಗಳು ಒಂದರ ಮೇಲೊಂದು ಸೇರಿಕೊಂಡು ಹೊಡೆತ ಇನ್ನೂ ಜೋರಾಗುತ್ತದೆ. ಕೆಲವು ಕಡೆ ರಸ್ತೆ, ಬೇಲಿ, ಮನೆಯ ಗೋಡೆ ಎಲ್ಲ ನಾಲ್ಕೈದು ಮೀಟರ್ ಪಕ್ಕಕ್ಕೆ ಸರಿದಿದ್ದು ಉಪಗ್ರಹ ಚಿತ್ರಗಳಲ್ಲಿ ನೇರವಾಗಿ ಕಾಣುತ್ತಿತ್ತು. ಎಂಟು ಅಂತಸ್ತಿನ ಒಂದು ಹೋಟೆಲ್ ಕುಸಿಯಿತು. ಊರಿನ ಗುರುತೇ ಆಗಿದ್ದ ಹಳದಿ ಕಮಾನಿನ ಸೇತುವೆ ಬಿತ್ತು.

ವಿಮಾನ ನಿಲ್ದಾಣದಲ್ಲಿ ಆಗ ಒಂದು ವಿಮಾನ ಹೊರಡುವುದರಲ್ಲಿತ್ತು. 21 ವರ್ಷದ ಒಬ್ಬ ಏರ್ ಟ್ರಾಫಿಕ್ ಕಂಟ್ರೋಲರ್ ಅದಕ್ಕೆ ಹೊರಡಲು ಅನುಮತಿ ಕೊಟ್ಟು, ಅದು ನೆಲ ಬಿಡುವ ತನಕ ಗೋಪುರ ಬಿಟ್ಟು ಇಳಿಯಲಿಲ್ಲ. ಆಮೇಲೆ ಕಟ್ಟಡ ಬೀಳತೊಡಗಿದಾಗ ಮೇಲಿನಿಂದ ಹಾರಿದ. ಆ ಪೆಟ್ಟಿಗೆ ತೀರಿಕೊಂಡ. ಅವನು ಕಳಿಸಿಕೊಟ್ಟ ವಿಮಾನದ ಪೈಲಟ್, ಮೇಲೇರುವಾಗ ಕೆಳಗಿನ ಕೊಲ್ಲಿಯಲ್ಲಿ ಏನೋ ವಿಚಿತ್ರ ಕಂಡು ಫೋನಿನಲ್ಲಿ ವಿಡಿಯೊ ಮಾಡಿಕೊಂಡರು. ದಡದ ಉದ್ದಕ್ಕೂ ಅಲ್ಲಲ್ಲಿ ನೀರು ದುಂಡಗೆ ಉಬ್ಬಿ ಹರಡುತ್ತಿರುವುದು ಅದರಲ್ಲಿ ಕಾಣುತ್ತದೆ. ಪಾಲುವಿನ ಸುನಾಮಿ ಹೇಗೆ ಹುಟ್ಟಿತು ಎನ್ನುವುದಕ್ಕೆ ಆ ಕೆಲವು ಸೆಕೆಂಡಿನ ಚಿತ್ರ ವಿಜ್ಞಾನಿಗಳ ದೊಡ್ಡ ಸಾಕ್ಷಿಯಾಯಿತು.

ಸಾಮಾನ್ಯವಾಗಿ ಸುನಾಮಿ ಹುಟ್ಟಲು ಸಮುದ್ರದ ತಳ ಮೇಲಕ್ಕೆದ್ದು ಅಥವಾ ಕೆಳಕ್ಕೆ ಕುಸಿದು ತನ್ನ ಮೇಲಿನ ನೀರನ್ನು ತಳ್ಳಬೇಕು. 2004ರಲ್ಲಿ ಸುಮಾತ್ರಾದ ಹತ್ತಿರ, 2011ರಲ್ಲಿ ಜಪಾನಿನಲ್ಲಿ ಆದದ್ದು ಅದೇ. ಪಾಲು-ಕೊರೊ ಬಗೆಯ ಫಾಲ್ಟ್‌ನಲ್ಲಿ ನೆಲ ಸರಿಯುವುದು ಅಡ್ಡಕ್ಕೆ. ಅಡ್ಡಕ್ಕೆ ಸರಿದರೆ ನೀರು ಅಷ್ಟಾಗಿ ಏಳುವುದಿಲ್ಲ, ಹಾಗಾಗಿ ದೊಡ್ಡ ಸುನಾಮಿ ಬರುವುದಿಲ್ಲ ಎಂದೇ ಪಠ್ಯಪುಸ್ತಕದ ತಿಳಿವಳಿಕೆ. ಹಾಗಾದರೆ ಇಲ್ಲಿ ಬಂದದ್ದು ಹೇಗೆ? ಕೊಲ್ಲಿಯ ಅಡಿಯಲ್ಲಿ ನೆಲ ಸ್ವಲ್ಪ ಮಟ್ಟಿಗೆ ಕುಸಿಯಿತು ಎಂದು ಒಂದು ಗುಂಪಿನ ವಿಜ್ಞಾನಿಗಳು ಹೇಳುತ್ತಾರೆ. ಕೊಲ್ಲಿಯ ಕಡಿದಾದ ಅಂಚುಗಳಲ್ಲಿ, ನದಿಗಳು ತಂದು ಸುರಿದ ಸಡಿಲ ಮಣ್ಣು ನಡುಕಕ್ಕೆ ಜಾರಿ ಹೋಳು ಹೋಳಾಗಿ ನೀರಿಗೆ ಬಿತ್ತು ಎಂದು ಇನ್ನೊಂದು ಗುಂಪು. ಎರಡೂ ಸೇರಿ ಆಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಪೈಲಟ್ ಕಂಡ ಆ ದುಂಡನೆಯ ಉಬ್ಬುಗಳು ದಡ ಜಾರಿ ಬಿದ್ದ ಜಾಗಗಳಿಗೇ ಹೊಂದುತ್ತವೆ. ನನಗಂತೂ ಎರಡನೆಯ ವಿವರಣೆಗೆ ಜಾಸ್ತಿ ತೂಕ ಇದೆ ಅನ್ನಿಸುತ್ತದೆ.

ಇದು ಬರೀ ವಿಜ್ಞಾನಿಗಳ ಚರ್ಚೆ ಅಲ್ಲ. ಅಲೆ ದೂರದ ಸಮುದ್ರದಲ್ಲಿ ಹುಟ್ಟಿದ್ದರೆ ಅದು ದಡ ಸೇರಲು ಹೊತ್ತು ಬೇಕು. ಪಾಲುವಿನಲ್ಲಿ ಅದು ಹುಟ್ಟಿದ್ದೇ ಕೊಲ್ಲಿಯೊಳಗೆ. 700 ಮೀಟರ್ ಆಳದ ನೀರಿನಲ್ಲಿ ಸುನಾಮಿಯ ವೇಗ ಗಂಟೆಗೆ ಸುಮಾರು 300 ಕಿ.ಮೀ. ಅಂದರೆ ನಿಮಿಷಕ್ಕೆ ಐದು ಕಿ.ಮೀ. ಏಳು ಕಿ.ಮೀ. ಅಗಲದ ಕೊಲ್ಲಿಯಲ್ಲಿ ಎಷ್ಟು ಹೊತ್ತು ಸಿಗುತ್ತದೆ ಎಂದು ನೀವೇ ಲೆಕ್ಕಹಾಕಿ. ಕೊಲ್ಲಿಯ ಕೆಲವು ದಡಗಳಿಗೆ ನಡುಕ ಶುರುವಾದ ಎರಡು ಮೂರು ನಿಮಿಷಕ್ಕೇ ನೀರು ಬಂತು. ಒಳತುದಿಯ ನಗರಕ್ಕೆ ಬರಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಇನ್ನು ಎಚ್ಚರಿಕೆಯ ಕಡೆ ನೋಡೋಣ. 2004ರ ದುರಂತದ ನಂತರ ಇಂಡೊನೇಷ್ಯಾ ಜರ್ಮನಿಯ ಸಹಾಯದಿಂದ ಸುನಾಮಿ ಮುನ್ನೆಚ್ಚರಿಕೆ ವ್ಯವಸ್ಥೆ ಕಟ್ಟಿತು. 2008ರಲ್ಲಿ ಅದು ಶುರುವಾಯಿತು. ಭೂಕಂಪ ಆದ ಐದು ನಿಮಿಷದೊಳಗೆ ಎಚ್ಚರಿಕೆ ಕೊಡುವುದು ಅದರ ಗುರಿ. ಪಾಲುವಿನ ದಿನ ಆ ದೇಶದ ಹವಾಮಾನ ಮತ್ತು ಭೂಕಂಪ ಸಂಸ್ಥೆ ಬಿಎಂಕೆಜಿ ಎಚ್ಚರಿಕೆ ಹೊರಡಿಸಿದ್ದು ಸಂಜೆ 6:07ಕ್ಕೆ. ಸರಿಯಾಗಿ ಐದನೇ ನಿಮಿಷ. ಅಂದರೆ ಗುರಿ ತಲುಪಿತ್ತು! ಅಷ್ಟೊತ್ತಿಗೆ ಕೊಲ್ಲಿಯ ಕೆಲವು ಊರುಗಳಿಗೆ ನೀರು ನುಗ್ಗಿ ಆಗಿತ್ತು. ಎಚ್ಚರಿಕೆಯಲ್ಲಿ ಅಲೆಯ ಎತ್ತರ ಅರ್ಧದಿಂದ ಮೂರು ಮೀಟರ್ ಎಂದಿತ್ತು. ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಮಾಡಿಟ್ಟ ಮಾದರಿಗಳಲ್ಲಿ ದಡ ಜಾರಿ ಹುಟ್ಟುವ ಸುನಾಮಿಗೆ ಜಾಗವೇ ಇರಲಿಲ್ಲ.

ಆ ಎಚ್ಚರಿಕೆಯಾದರೂ ಜನರಿಗೆ ಮುಟ್ಟಿತಾ? ಇಲ್ಲ. ಕರೆಂಟ್ ಹೋಗಿತ್ತು. ಮೊಬೈಲ್ ಟವರ್‌ಗಳು ಸತ್ತಿದ್ದವು. ಬೀಚಿನಲ್ಲಿ ಸೈರನ್ ಕೂಗಲಿಲ್ಲ. ಕೊಲ್ಲಿಯ ಬಾಯಿಯ ಕಡೆ ಪಾಂತೊಲೊವಾನ್ ಬಂದರಿನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕ ಇತ್ತು. ಅದು ಅಲೆಯನ್ನು ದಾಖಲಿಸಿಕೊಂಡಿತು, ಆದರೆ ಆ ಮಾಹಿತಿ ರಾಜಧಾನಿಗೆ ಹೋಗಲಿಲ್ಲ. ಅಧಿಕಾರಿಗಳಿಗೆ ಸಿಕ್ಕಿದ್ದು ನೂರಾರು ಕಿ.ಮೀ. ದೂರದ ಮಾಮುಜು ಎಂಬಲ್ಲಿನ ಮಾಪಕ ತೋರಿಸಿದ ಆರು ಸೆಂಟಿಮೀಟರ್. ಸುಮಾರು ಅರ್ಧ ಗಂಟೆ ಆದ ಮೇಲೆ, 6:37ರ ಹೊತ್ತಿಗೆ, ಎಚ್ಚರಿಕೆಯನ್ನು ವಾಪಸ್ ತೆಗೆದುಕೊಂಡರು. ಆಮೇಲೆ ಜನ ರೊಚ್ಚಿಗೆದ್ದದ್ದು ಇದಕ್ಕೇ. ಅಲೆ ಬಡಿದದ್ದು ಎಚ್ಚರಿಕೆ ಜಾರಿಯಲ್ಲಿದ್ದಾಗಲೇ, ತೆಗೆದ ಮೇಲಲ್ಲ ಎಂದು ಬಿಎಂಕೆಜಿ ಮುಖ್ಯಸ್ಥೆ ದ್ವಿಕೊರಿತಾ ಕರ್ನಾವತಿ ಹೇಳಿದರು. ಗಡಿಯಾರದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಆ ಉತ್ತರದಿಂದ ಯಾರಿಗೆ ಸಮಾಧಾನ ಆಗುತ್ತದೆ? ಊರು ಕೊಚ್ಚಿಹೋದದ್ದು ಗೊತ್ತೇ ಇಲ್ಲದೆ ಅಪಾಯ ಮುಗಿಯಿತು ಎಂದು ಹೇಳಿದಂತಾಯಿತಲ್ಲ.

ಎರಡನೇ ಸಿಟ್ಟು ಬೋಯ್‌ಗಳ ಮೇಲೆ. ಇಂಡೊನೇಷ್ಯಾದ ಸುತ್ತ ಸಮುದ್ರದಲ್ಲಿ ತೇಲುವ 22 ಬೋಯ್‌ಗಳನ್ನು ಹಾಕಿದ್ದರು. ಕಡಲ ತಳದ ಸಂವೇದಕ ನೀರಿನ ಒತ್ತಡ ಅಳೆಯುತ್ತದೆ, ಬೋಯ್ ಅದನ್ನು ಉಪಗ್ರಹಕ್ಕೆ ಕಳಿಸುತ್ತದೆ. 2012ರಿಂದ ಈಚೆಗೆ ಅವುಗಳಲ್ಲಿ ಒಂದೂ ಕೆಲಸ ಮಾಡುತ್ತಿರಲಿಲ್ಲ ಎಂದು ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆಯ ವಕ್ತಾರ ಸುತೊಪೊ ಪುರ್ವೊ ನುಗ್ರೊಹೊ ಮುಚ್ಚುಮರೆ ಇಲ್ಲದೆ ಹೇಳಿದರು. ನಿರ್ವಹಣೆಗೆ ದುಡ್ಡಿಲ್ಲ, ಕೆಲವನ್ನು ಯಾರೋ ಹಾಳುಮಾಡಿದ್ದರು. ಆಗ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಆ ಸ್ಥಿತಿಯಲ್ಲೂ ದಿನವೂ ಪತ್ರಕರ್ತರ ಮುಂದೆ ನಿಂತು ಲೆಕ್ಕ ಕೊಟ್ಟರು. 2019ರ ಜುಲೈನಲ್ಲಿ ತೀರಿಕೊಂಡರು. ಸರ್ಕಾರದ ವಕ್ತಾರ ಹೀಗೆ ಇರಬೇಕು ಎಂದು ಅವರನ್ನು ನೋಡಿ ಅನ್ನಿಸಿತ್ತು.

ಬೋಯ್‌ಗಳನ್ನು ಹಾಳುಬಿಟ್ಟಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವೆಲ್ಲ ಸರಿ ಇದ್ದಿದ್ದರೆ ಪಾಲು ಉಳಿಯುತ್ತಿತ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬೋಯ್ ಇರುವುದು ತೆರೆದ ಸಮುದ್ರದಲ್ಲಿ. ಕೊಲ್ಲಿಯೊಳಗೆ ಹುಟ್ಟಿ ಕೊಲ್ಲಿಯ ದಡಕ್ಕೇ ಬಡಿಯುವ ಅಲೆ ಮೊದಲು ಮುಟ್ಟುವುದು ಜನರನ್ನು, ಆಮೇಲೆ ಬೋಯನ್ನು. ದೂರದ ದೇಶಗಳಿಗೆ, ಗಂಟೆಗಟ್ಟಲೆ ಸಮಯ ಇರುವವರಿಗೆ ಬೋಯ್‌ಗಳು ದೊಡ್ಡ ವರ. ಸುಳ್ಳು ಎಚ್ಚರಿಕೆ ಕಡಿಮೆ ಆಗುವುದೂ ಅವುಗಳಿಂದಲೇ. ಭೂಕಂಪದ ಪಕ್ಕದಲ್ಲೇ ಇರುವ ದಡಕ್ಕೆ ಅವು ಹೊತ್ತಿಗೆ ಸರಿಯಾಗಿ ಒದಗುವುದಿಲ್ಲ. ಅಲ್ಲಿ ಎಲ್ಲರಿಗಿಂತ ಮೊದಲು ಬರುವ ಎಚ್ಚರಿಕೆ ಒಂದೇ, ಕಾಲಡಿಯ ನೆಲದ ನಡುಕ. ಅದಕ್ಕೆ ಕರೆಂಟ್ ಬೇಡ, ಟವರ್ ಬೇಡ, ಯಾರ ಸಹಿಯೂ ಬೇಡ.

ಆ ಎಚ್ಚರಿಕೆ ಕೈಯಲ್ಲಿದ್ದೂ ಉಪಯೋಗಕ್ಕೆ ಬಾರದಿದ್ದುದು ಒಂದು ವಿಡಿಯೊದಲ್ಲಿ ಕಾಣುತ್ತದೆ. ಕಡಲಂಚಿನ ಮಾಲ್‌ನ ಪಾರ್ಕಿಂಗ್ ಕಟ್ಟಡದ ಮೇಲೆ ನಿಂತ ಒಬ್ಬರು ಅದನ್ನು ತೆಗೆದಿದ್ದಾರೆ. ದೂರದಲ್ಲಿ ಅಲೆಯ ಬಿಳಿ ಗೆರೆ ಬರುತ್ತಿದೆ. ಕೆಳಗೆ ರಸ್ತೆಯಲ್ಲಿ ಕಾರು, ಬೈಕು, ನಡೆದಾಡುವ ಜನ. ಭೂಕಂಪ ನಿಂತು ಕೆಲವು ನಿಮಿಷ ಆಗಿದೆ. ನಡುಕದ ಗಾಬರಿಯಲ್ಲಿ ಇದ್ದಾರೆಯೇ ಹೊರತು ಸಮುದ್ರದ ಕಡೆ ಯಾರ ಗಮನವೂ ಇಲ್ಲ. ಮೇಲಿಂದ ಅವರು ‘ಸುನಾಮಿ, ಸುನಾಮಿ’ ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಕೆಲವರು ಓಡುತ್ತಾರೆ. ಕೆಲವರಿಗೆ ಕೇಳಿಸುವುದೇ ಇಲ್ಲ. ಆ ಕಟ್ಟಡದ ರ‍್ಯಾಂಪ್ ಹತ್ತಲು ಒಂದೆರಡು ನಿಮಿಷ ಸಾಕಿತ್ತು.

ಪಾಲುವಿನಲ್ಲಿ ಸತ್ತವರೆಲ್ಲ ಸಮುದ್ರಕ್ಕೆ ಸಿಕ್ಕವರಲ್ಲ. ದಡದಿಂದ ದೂರದ ಬಲಾರೊವಾ, ಪೆಟೊಬೊ, ಜೊನೊ ಒಗೆ, ಸಿಬಲಾಯಾ ಎಂಬಲ್ಲಿ ನೆಲವೇ ಹರಿಯಿತು. ಕಡಲ ತೀರದ ಒದ್ದೆ ಮರಳನ್ನು ಅಂಗಾಲಿನಲ್ಲಿ ತಟ್ಟುತ್ತಾ ಇದ್ದರೆ ಗಟ್ಟಿ ಇದ್ದ ಮರಳು ಸಡಿಲಾಗಿ ನೀರು ಮೇಲೆ ಬರುತ್ತದಲ್ಲ, ಹಾಗೆ. ನೀರು ತುಂಬಿದ ಸಡಿಲ ಮಣ್ಣು ಜೋರಾಗಿ ಅಲುಗಿದಾಗ ಕಣ ಕಣದ ಹಿಡಿತ ತಪ್ಪಿ ಮಣ್ಣು ದ್ರವದಂತಾಗುತ್ತದೆ. ಪೆಟೊಬೊದಲ್ಲಿ ಸುಮಾರು 180 ಹೆಕ್ಟೇರ್ ಜಾಗ ಮನೆ, ಮರ, ರಸ್ತೆ ಸಮೇತ ಜಾರಿತು. ಎಷ್ಟೋ ಮನೆಗಳು ಇದ್ದ ಜಾಗದಿಂದ ನೂರಾರು ಮೀಟರ್ ಆಚೆ ಸಿಕ್ಕವು. ಹುಡುಕಲು ಬಂದವರಿಗೆ ಯಾವ ಮನೆ ಯಾರದ್ದು ಎಂದು ಹೇಳುವುದೇ ಕಷ್ಟವಾಯಿತು. ಕೊನೆಗೆ ಹುಡುಕಾಟ ನಿಲ್ಲಿಸಿ, ಆ ಬಡಾವಣೆಗಳನ್ನೇ ಸಾಮೂಹಿಕ ಸಮಾಧಿ ಎಂದು ಬಿಟ್ಟರು.

ಅಲ್ಲಿನ ಇಳಿಜಾರು ಎಷ್ಟಿತ್ತು ಗೊತ್ತಾ? ಒಂದೆರಡು ಡಿಗ್ರಿ. ಕಣ್ಣಿಗೆ ಸಪಾಟು ಅನ್ನಿಸುವಷ್ಟು. ಹಾಗಿದ್ದೂ ಯಾಕೆ ಜಾರಿತು ಎಂದು ಹುಡುಕಿದಾಗ ಸಿಕ್ಕಿದ್ದು ಒಂದು ಕಾಲುವೆ. ಡಚ್ಚರ ಆಳ್ವಿಕೆಯ ಕಾಲದಲ್ಲಿ ಭತ್ತದ ಗದ್ದೆಗಾಗಿ ಕಟ್ಟಿದ ಗುಂಬಾಸಾ ಕಾಲುವೆ. ಒಣ ಕಣಿವೆಗೆ ಅದು ನೀರು ತಂದಿತ್ತು. ನೂರು ವರ್ಷ ಗದ್ದೆಗೆ ನಿಲ್ಲಿಸಿದ ನೀರು ಇಂಗಿ ಇಂಗಿ ಅಂತರ್ಜಲ ಮೇಲೆ ಬಂದಿತ್ತು. ಬಲಾರೊವಾ ಬಿಟ್ಟರೆ ಉಳಿದ ದೊಡ್ಡ ಜಾರಿಕೆಗಳ ಮೇಲಂಚು ಹೆಚ್ಚು ಕಡಿಮೆ ಕಾಲುವೆಯ ಗುಂಟವೇ ಇದೆ. ಕಾಲುವೆಯ ಮೇಲಿನ ಒಣ ನೆಲ ಅಷ್ಟಾಗಿ ಕದಲಲಿಲ್ಲ. ಕಾಲುವೆಯನ್ನು ದೂರುವುದು ಸುಲಭ. ಆದರೆ ಎಷ್ಟೋ ತಲೆಮಾರು ಅದರಿಂದಲೇ ಉಂಡಿದೆ. ತಪ್ಪಾದದ್ದು ಆಮೇಲೆ. ಗದ್ದೆಗಳು ಲೇಔಟ್ ಆದವು, ಆ ಒದ್ದೆ ನೆಲದ ಮೇಲೆ ಸಾಲು ಸಾಲು ಮನೆ ಎದ್ದವು. ಪಾಲುವಿನ ಮಣ್ಣಿಗೆ ಹೀಗೆ ದ್ರವವಾಗುವ ಅಪಾಯ ಇದೆ ಎಂದು ಇಂಡೊನೇಷ್ಯಾದ ಭೂವಿಜ್ಞಾನ ಇಲಾಖೆ 2012ರಲ್ಲೇ ಹೇಳಿತ್ತು. ಗೊತ್ತಿದ್ದ ಅಪಾಯದ ಮೇಲೆ ಮನೆ ಕಟ್ಟಲು ಬಿಟ್ಟದ್ದು ನನ್ನ ಮಟ್ಟಿಗೆ ಬೋಯ್ ಕೆಟ್ಟದ್ದಕ್ಕಿಂತ ದೊಡ್ಡ ಲೋಪ. ಗದ್ದೆ ಮುಚ್ಚಿ ಸೈಟು ಮಾಡುವ ಅಭ್ಯಾಸ ನಮಗೂ ಹೊಸದಲ್ಲ.

ಸಮಯವೇ ಇಲ್ಲದ ಕಡೆ ಏನು ಮಾಡಲು ಸಾಧ್ಯ ಎಂದು ಕೈಚೆಲ್ಲಬೇಕಾಗಿಲ್ಲ. ಅದೇ ಇಂಡೊನೇಷ್ಯಾದಲ್ಲೇ ಉತ್ತರ ಇದೆ. ಸುಮಾತ್ರಾದ ಪಶ್ಚಿಮಕ್ಕೆ ಸಿಮೆಲುವೆ ಎಂಬ ದ್ವೀಪ. 2004ರ ಡಿಸೆಂಬರ್ 26ರ ಭೂಕಂಪ ಶುರುವಾದ ಜಾಗಕ್ಕೆ ತೀರಾ ಹತ್ತಿರ. ದ್ವೀಪದ ಉತ್ತರ ತುದಿಗೆ ಹತ್ತು ನಿಮಿಷದ ಹೊತ್ತಿಗೆ ಅಲೆ ಬಡಿಯಿತು. ಅಲ್ಲಿ ಇದ್ದ ಜನ ಸುಮಾರು 78,000. ಸುನಾಮಿಗೆ ಸತ್ತವರು ಏಳು ಮಂದಿ ಎಂದು ದಾಖಲಾಗಿದೆ. ಎದುರಿಗೆ ಸುಮಾತ್ರಾದ ಅಚೆ ಪ್ರಾಂತ್ಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಸಿಮೆಲುವೆಯಲ್ಲಿ 1907ರಲ್ಲಿ ದೊಡ್ಡ ಸುನಾಮಿ ಬಂದು ತುಂಬಾ ಜನ ಸತ್ತಿದ್ದರು. ಬದುಕಿದವರು ಆ ಕಥೆಯನ್ನು ಮಕ್ಕಳಿಗೆ ಹೇಳಿದರು, ಹಾಡಾಗಿ ಹಾಡಿದರು. ಜೋರಾಗಿ ನೆಲ ನಡುಗಿದರೆ, ಆಮೇಲೆ ಕಡಲು ಹಿಂದೆ ಸರಿದರೆ, ಏನನ್ನೂ ಎತ್ತಿಕೊಳ್ಳದೆ ಗುಡ್ಡಕ್ಕೆ ಓಡು. ಅಷ್ಟೇ. ಸುಮಾರು ನೂರು ವರ್ಷದ ಮೇಲೆ ಅಜ್ಜ ಅಜ್ಜಿಯರ ಆ ಮಾತು ಕೆಲಸಕ್ಕೆ ಬಂತು.

ಇದು ಹಳೆಯ ಕಾಲದ ಹಳ್ಳಿಗೆ ಮಾತ್ರ ಸರಿ ಅನ್ನುವವರು 2024ರ ಜನವರಿ 1ರ ಜಪಾನನ್ನು ನೋಡಬೇಕು. ಸಂಜೆ 4:10ಕ್ಕೆ ನೊಟೊ ಪರ್ಯಾಯ ದ್ವೀಪದಲ್ಲಿ ಭೂಕಂಪ. ತೀವ್ರತೆ ಪಾಲುವಿನಷ್ಟೇ, 7.5. ಕೆಲವು ಕಡೆ ಕಡಲ ತಳ ನಾಲ್ಕು ಮೀಟರ್ ಮೇಲೆದ್ದು ಬಂದರುಗಳೇ ಒಣಗಿಹೋದವು. ಸುಜು ಎಂಬ ಊರಿಗೆ ಕೆಲವೇ ನಿಮಿಷದಲ್ಲಿ ಸುನಾಮಿ ಬಂತು. ಎನ್‌ಎಚ್‌ಕೆ ಟಿವಿಯ ನಿರೂಪಕಿ ಎಂದಿನ ಮೆತ್ತನೆ ದನಿ ಬಿಟ್ಟು, 2011ನ್ನು ನೆನಪು ಮಾಡಿಕೊಳ್ಳಿ, ಈಗಲೇ ಓಡಿ ಎಂದು ಕಿರುಚಿದರು. ಸುಜುವಿನ ಕಡಲಂಚಿನ ಜನ ವರ್ಷಾ ವರ್ಷಾ ಅಭ್ಯಾಸ ಮಾಡಿದ್ದ ದಾರಿಯಲ್ಲೇ, ಮುದುಕರನ್ನು ಕೈಹಿಡಿದುಕೊಂಡು ಗುಡ್ಡ ಹತ್ತಿದರು. ಆ ಭೂಕಂಪದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆದರೆ ಹೆಚ್ಚಿನವರು ಮನೆ ಕುಸಿದು ಸತ್ತವರು. ಅಲೆಗೆ ಸಿಕ್ಕವರು ಬೆರಳೆಣಿಕೆಯಷ್ಟು.

ಜಪಾನಿನವರೂ ಇದನ್ನು ಸುಲಭವಾಗಿ ಕಲಿತದ್ದಲ್ಲ. 2011ರ ಮಾರ್ಚ್ 11ರಂದು ಮೂರು ನಿಮಿಷದಲ್ಲಿ ಎಚ್ಚರಿಕೆ ಬಂದಿತ್ತು. ಆದರೆ ಮೊದಲ ಲೆಕ್ಕದಲ್ಲಿ ಭೂಕಂಪ 7.9 ಎಂದಿತ್ತು, ನಿಜಕ್ಕೂ ಅದು 9.0. ಇವಾತೆ ಪ್ರಾಂತ್ಯಕ್ಕೆ ಮೂರು ಮೀಟರ್ ಅಲೆ ಎಂದು ಕೇಳಿದವರು ತಮ್ಮ ಊರಿನ ಹತ್ತು ಮೀಟರ್ ಗೋಡೆಯನ್ನು ನಂಬಿ ನಿಂತರು. ಲೆಕ್ಕ ತಿದ್ದುವಷ್ಟರಲ್ಲಿ ಕರೆಂಟ್ ಹೋಗಿ ಎಷ್ಟೋ ಜನಕ್ಕೆ ಹೊಸ ಎಚ್ಚರಿಕೆ ಕೇಳಿಸಲಿಲ್ಲ. ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನಕ್ಕೇ ಮುಕ್ಕಾಲು ಗಂಟೆ ಮೀರಿ ಹೋಯಿತು. ಶಾಲೆಯ ಹಿಂದೆಯೇ ಗುಡ್ಡ ಇತ್ತು. 74 ಮಕ್ಕಳು, 10 ಶಿಕ್ಷಕರು ನೀರುಪಾಲಾದರು. ಅದೇ ದಿನ ಕಮೈಶಿ ಊರಿನಲ್ಲಿ, ಯಾರ ಅಪ್ಪಣೆಗೂ ಕಾಯದೆ ಓಡಬೇಕು ಎಂದು ಮೊದಲೇ ಕಲಿತಿದ್ದ ಶಾಲಾ ಮಕ್ಕಳು ಸಾವಿರಗಟ್ಟಲೆ ಉಳಿದರು. ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ಓಡಿದ್ದರು. ಒಂದೇ ದೇಶ, ಒಂದೇ ಅಲೆ.

ಹಾಗಾದರೆ ನಮ್ಮ ಕಥೆ ಏನು? ಭಾರತಕ್ಕೆ ಪಾಲುವಿನಂಥ ಜಾಗ ಇರುವುದು ಅಂಡಮಾನ್ ನಿಕೋಬಾರ್‌ನಲ್ಲಿ. 2004ರ ಭೂಕಂಪದ ಬಿರುಕು ಆ ದ್ವೀಪಗಳ ಅಡಿಯಲ್ಲೇ ಹಾದುಹೋಗಿತ್ತು. ಇಂದಿರಾ ಪಾಯಿಂಟ್‌ನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡ ನೀರಿನಲ್ಲಿ ಮುಳುಗಿತು. ಕಾರ್ ನಿಕೋಬಾರ್‌ನ ವಾಯುಪಡೆ ನೆಲೆಯೇ ಕೊಚ್ಚಿಹೋಯಿತು. ಅಲ್ಲಿನವರಿಗೆ ನಡುಕವೇ ಎಚ್ಚರಿಕೆ, ಬೇರೆ ದಾರಿ ಇಲ್ಲ. ಚೆನ್ನೈ, ನಾಗಪಟ್ಟಣಕ್ಕೆ ಮಾತ್ರ ಎರಡು ಗಂಟೆಗೂ ಹೆಚ್ಚು ಸಮಯ ಇತ್ತು. ಬೆಳಿಗ್ಗೆ ಆರೂವರೆಗೆ ಭೂಕಂಪ, ಒಂಬತ್ತರ ಸುಮಾರಿಗೆ ಅಲೆ. ಹೇಳುವವರೇ ಇರಲಿಲ್ಲ. ಆ ಎರಡು ಗಂಟೆ ಸುಮ್ನೆ ವ್ಯರ್ಥವಾಗಿ ಹೋದದ್ದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಆ ಕೊರತೆ ತುಂಬಲೆಂದೇ 2007ರಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಈಗ ಅದು ಇಂಡೊನೇಷ್ಯಾ, ಆಸ್ಟ್ರೇಲಿಯಾದ ಕೇಂದ್ರಗಳ ಜೊತೆ ಹಿಂದೂ ಮಹಾಸಾಗರದ ದೇಶಗಳಿಗೆಲ್ಲ ಮಾಹಿತಿ ಕೊಡುತ್ತದೆ. ಕರ್ನಾಟಕದ ಕರಾವಳಿಗೆ ಮುಖ್ಯವಾಗಿ ಬೇಕಾದ್ದು ಇದೇ ಬಗೆಯ ವ್ಯವಸ್ಥೆ. ಯಾಕೆಂದರೆ ನಮಗೆ ಅಪಾಯ ಬರಬಹುದಾದ ದಿಕ್ಕುಗಳಲ್ಲಿ ಒಂದು ಮಕ್ರಾನ್, ಅಂದರೆ ಪಾಕಿಸ್ತಾನ ಮತ್ತು ಇರಾನಿನ ದಕ್ಷಿಣ ಕರಾವಳಿ. 1945ರ ನವೆಂಬರ್ 28ರಂದು ಅಲ್ಲಿ 8.1 ತೀವ್ರತೆಯ ಭೂಕಂಪ ಆಗಿ, ಸುನಾಮಿ ಮುಂಬೈವರೆಗೂ ಬಂದು ಅಲ್ಲೂ ಜನರನ್ನು ಬಲಿ ತೆಗೆದುಕೊಂಡಿತ್ತು. ಮಕ್ರಾನ್‌ನಿಂದ ಕಾರವಾರ, ಮಲ್ಪೆ, ಮಂಗಳೂರಿಗೆ 1,500 ಕಿ.ಮೀ.ಗೂ ಜಾಸ್ತಿ ದೂರ. ಅಲೆ ಬರಲು ಗಂಟೆಗಳೇ ಬೇಕು. ನಮ್ಮವರಿಗೆ ನಡುಕ ಗೊತ್ತೇ ಆಗದಿರಬಹುದು. ಹಾಗಾಗಿ ಇಲ್ಲಿ ಹೈದರಾಬಾದಿನ ಸಂದೇಶವೇ ಆಧಾರ, ಅದು ಕೊನೆಯ ಮನೆಗೆ ಮುಟ್ಟುತ್ತದಾ ಎನ್ನುವುದೇ ಪ್ರಶ್ನೆ. ಜಿಲ್ಲಾಧಿಕಾರಿ ಕಚೇರಿಗೆ ಹತ್ತು ನಿಮಿಷದಲ್ಲಿ ಬಂದ ಸಂದೇಶ ತದಡಿಯ ಅಳಿವೆ ದಂಡೆಯ ಮನೆಗೆ, ಬೆಳಗಿನ ಜಾವ ಮೂರಕ್ಕೆ, ಯಾರ ಬಾಯಿಂದ ಹೋಗುತ್ತದೆ? ಪೇಪರಿನ ಮೇಲೆ ಇದಕ್ಕೆ ಉತ್ತರ ಬರೆಯುವುದು ಸುಲಭ. ಅಭ್ಯಾಸ ಮಾಡಿ ನೋಡಿದರೆ ಮಾತ್ರ ಎಲ್ಲಿ ಕೊಂಡಿ ಕಳಚುತ್ತದೆ ಎಂದು ತಿಳಿಯುವುದು.

ಒಡಿಶಾ ಇದನ್ನು ಮಾಡಿ ತೋರಿಸಿದೆ. 2020ರಲ್ಲಿ ಅಲ್ಲಿನ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳಿಗೆ ಯುನೆಸ್ಕೊ ಕಡೆಯಿಂದ ‘ಸುನಾಮಿ ರೆಡಿ’ ಮಾನ್ಯತೆ ಸಿಕ್ಕಿತು. 2024ರಲ್ಲಿ ಇನ್ನೂ 24 ಹಳ್ಳಿಗಳಿಗೆ. ಅಲ್ಲಿ ಯಾವ ಮನೆಗೆ ನೀರು ಬರಬಹುದು ಎಂಬ ನಕ್ಷೆ ಇದೆ, ಯಾವ ದಾರಿಯಲ್ಲಿ ಓಡಬೇಕು ಎಂಬ ಫಲಕ ಇದೆ, ಊರವರು ಸೇರಿ ಅಣಕು ಕಸರತ್ತು ಮಾಡುತ್ತಾರೆ. ಚಂಡಮಾರುತಕ್ಕೆ ಊರು ಖಾಲಿ ಮಾಡಿ ಮಾಡಿ ಅವರಿಗೆ ರೂಢಿಯಾಗಿದೆ, ಅದರ ಮೇಲೆ ಇದನ್ನು ಕಟ್ಟಿದರು. ನಮ್ಮ ಮೂರು ಕರಾವಳಿ ಜಿಲ್ಲೆಗಳಲ್ಲೂ ಮೀನುಗಾರರ ಸಹಕಾರ ಸಂಘಗಳಿವೆ, ಬಂದರುಗಳಲ್ಲಿ ಬೋಟ್ ಮಾಲೀಕರ ಒಕ್ಕೂಟಗಳಿವೆ, ದೇವಸ್ಥಾನ, ಮಸೀದಿ, ಚರ್ಚಿನ ಮೈಕುಗಳಿವೆ. ಹೊಸದಾಗಿ ಕೋಟಿ ಕೋಟಿ ಸುರಿಯದೆ ಇವನ್ನೇ ಒಂದು ಸರಪಳಿ ಮಾಡಬಹುದು.

ಬೋಟಿನವರಿಗೆ ಹೇಳಬೇಕಾದ ವಿಷಯ ಬೇರೆಯೇ ಇದೆ. ಮಲ್ಪೆಯಿಂದ ಹೊರಟ ಆಳಸಮುದ್ರದ ಬೋಟ್ ದಿನಗಟ್ಟಲೆ ನಡುಗಡಲಲ್ಲಿ ಇರುತ್ತದೆ. ಅಷ್ಟು ಆಳದಲ್ಲಿ ಸುನಾಮಿ ಬೋಟಿನಡಿ ಹಾದುಹೋದರೂ ಗೊತ್ತಾಗುವುದಿಲ್ಲ, ಎತ್ತರ ಅಷ್ಟು ಕಡಿಮೆ. ಅದು ಏಳುವುದು ದಡದ ಹತ್ತಿರ, ನೀರಿನ ಆಳ ಕಡಿಮೆ ಆದಾಗ. ಎಚ್ಚರಿಕೆ ಕೇಳಿ ಗಾಬರಿಯಿಂದ ಬಂದರಿನ ಕಡೆ ತಿರುಗಿಸಿದರೆ ನೇರ ಅಪಾಯದ ಬಾಯಿಗೇ ಹೋದಂತೆ. ಹೊರಗಿದ್ದವರು ಹೊರಗೇ ಇರಬೇಕು. ದಡದಲ್ಲಿ ಇದ್ದವರು ಕಟ್ಟಿದ ಬೋಟ್ ಉಳಿಸಲು ಜೆಟ್ಟಿಗೆ ಓಡಬಾರದು. ಮೊದಲ ಅಲೆ ಇಳಿಯಿತು ಎಂದು ವಾಪಸ್ ಬರಲೂಬಾರದು. 1964ರ ಅಲಾಸ್ಕಾ ಭೂಕಂಪದ ನಂತರ ಅಮೆರಿಕದ ಕ್ರೆಸೆಂಟ್ ಸಿಟಿಯಲ್ಲಿ ಮೊದಲ ಅಲೆಗಳು ಇಳಿದ ಮೇಲೆ ಅಂಗಡಿ ಮನೆ ಶುಚಿ ಮಾಡಲು ಬಂದವರನ್ನು ನಾಲ್ಕನೆಯ ಅಲೆ ಹೊತ್ತುಕೊಂಡು ಹೋಯಿತು. ಅಲೆಗಳ ನಡುವಿನ ಬಿಡುವು ಹತ್ತು ನಿಮಿಷ ಇರಬಹುದು, ಒಂದು ಗಂಟೆಯೂ ಇರಬಹುದು. ಅಪಾಯ ಮುಗಿಯಿತು ಎಂಬ ಅಧಿಕೃತ ಸಂದೇಶ ವೈರ್‌ಲೆಸ್‌ನಲ್ಲಿ ಕನ್ನಡ, ತುಳು, ಕೊಂಕಣಿಯಲ್ಲಿ ಬರುವ ತನಕ ಬೋಟುಗಳು ನಡುಗಡಲಲ್ಲೇ ನಿಲ್ಲಬೇಕು. ಆ ಸಂದೇಶವನ್ನು ಯಾರು, ಯಾವ ಚಾನೆಲ್‌ನಲ್ಲಿ ಹೇಳುತ್ತಾರೆ ಎಂದು ಪ್ರತಿ ಬೋಟಿನ ತಂಡೇಲರಿಗೆ, ಅಂದರೆ ಬೋಟ್ ನಡೆಸುವವರಿಗೆ, ಮಳೆಗಾಲದ ರಜೆ ಮುಗಿದು ಕಡಲಿಗೆ ಇಳಿಯುವ ಮೊದಲೇ ಗೊತ್ತಿರಬೇಕು.